ತಟಸ್ಥರ ತಕ್ಕಡಿ: ಉತ್ತರ ಕನ್ನಡದ ಸಂಸದರಿಗೊಂದು ಬಹಿರಂಗ ಪತ್ರ

ಮಾನ್ಯ ಸಂಸದರೇ,

ಮುಂಡಗೋಡದ ಟಿಬೆಟನ್ ಕಾಲೊನಿ ನಿಮ್ಮ ಕ್ಷೇತ್ರದೊಳಗೇ ಇದೆ. ಕ್ಯಾಂಪುಗಳಿಗೆ ಇವತ್ತಿಗೂ ನಂಬರೇ ಹೆಸರು. ಡ್ರೆಪುಂಗ್, ಗಾಂದೆನ್ ಮಠಗಳನ್ನು ನೋಡಲು ಶಿರಸಿ, ಹುಬ್ಬಳ್ಳಿ ಕಡೆಯಿಂದ ಜನ ಬರುತ್ತಾರೆ, ಫೋಟೋ ತೆಗೆದುಕೊಂಡು ಹೋಗುತ್ತಾರೆ. 1966ರಲ್ಲಿ ಕಾಡು ಕಡಿದು ಶುರುವಾದ ಈ ಊರಿನ ಹಿಂದೆ ವಿಶ್ವಸಂಸ್ಥೆಯಲ್ಲಿ ಭಾರತ ನಡೆದುಕೊಂಡ ಎರಡು ರೀತಿಗಳಿವೆ. ನಾವು ಬರೆಯಬೇಕೆಂದಿರುವ ವಿಷಯಕ್ಕೆ ಅವೇ ಒಳ್ಳೆಯ ಮೊದಲು.

1959ರ ಮಾರ್ಚ್ 31ರಂದು ದಲೈ ಲಾಮಾ ಗಡಿ ದಾಟಿ ಭಾರತಕ್ಕೆ ಬಂದರು. ಅದೇ ವರ್ಷ ಅಕ್ಟೋಬರ್ 21ರಂದು ಟಿಬೆಟಿಗರ ಮೂಲಭೂತ ಹಕ್ಕುಗಳನ್ನು ಗೌರವಿಸಬೇಕೆಂಬ ನಿರ್ಣಯ ವಿಶ್ವಸಂಸ್ಥೆಯ ಮಹಾಸಭೆಯಲ್ಲಿ 45 ಪರ, 9 ವಿರುದ್ಧ ಮತಗಳಿಂದ ಪಾಸಾಯಿತು. 26 ದೇಶಗಳು ತಟಸ್ಥ. ಆಶ್ರಯ ಕೊಟ್ಟ ಭಾರತ ಆ 26ರಲ್ಲಿ ಒಂದು. 1965ರ ಡಿಸೆಂಬರ್ 18ರಂದು ಅದೇ ಧಾಟಿಯ ನಿರ್ಣಯ ಮತ್ತೆ ಬಂತು. ಈ ಸಲ ಭಾರತ ಪರವಾಗಿ ಮತ ಹಾಕಿತು. ನಡುವೆ 1962ರ ಚೀನಾ ಯುದ್ಧ ಬಂದು ಹೋಗಿತ್ತು. ಲಾಸಾದಲ್ಲಿ ಏಟು ತಿಂದವನ ನೋವು ಆರು ವರ್ಷಗಳಲ್ಲಿ ಹೊಸದಾಗಿ ಹುಟ್ಟಿದ್ದಲ್ಲ. ಹೊಸದಾಗಿ ಹುಟ್ಟಿದ್ದು ನಮ್ಮ ಸಿಟ್ಟು.

ತಟಸ್ಥ ಎಂಬ ಪದವನ್ನು ಬಿಡಿಸಿ ನೋಡಿದರೆ ದಡದಲ್ಲಿ ನಿಂತವನು ಎಂದಾಗುತ್ತದೆ. ಕಾಳಿ ನದಿಯ ದಡದವರಿಗೆ ಇದನ್ನು ವಿವರಿಸಬೇಕಿಲ್ಲ: ದಡದಲ್ಲಿ ನಿಂತವನೂ ಒಂದು ಕಡೆಯ ದಡದಲ್ಲೇ ನಿಂತಿರುತ್ತಾನೆ.

ನಾವು ಅಂತರರಾಷ್ಟ್ರೀಯ ಕಾನೂನನ್ನು ಓದುವ, ಕಲಿಸುವ, ಕೋರ್ಟಿನಲ್ಲಿ ಬಳಸುವ ಕೆಲವರು. ಭಾರತ ಜಗತ್ತಿನ ಮೇಲೆಲ್ಲ ಕೂಗಾಡಬೇಕು ಎಂದು ಕೇಳುತ್ತಿಲ್ಲ. ಯಾರ ಮೇಲೆ ಕೂಗಬೇಕು, ಯಾರ ಬಗ್ಗೆ ಪಿಸುಗುಡಬೇಕು ಎಂಬುದನ್ನು ಯಾವ ಅಳತೆಯಲ್ಲಿ ತೀರ್ಮಾನಿಸುತ್ತೀರಿ ಎಂದು ಸಂಸತ್ತಿನಲ್ಲಿ ಕೇಳಿಸಿ, ಉತ್ತರವನ್ನು ದಾಖಲೆಗೆ ತರಿಸಿ ಎಂಬುದಷ್ಟೇ ಬೇಡಿಕೆ. ಶಿರಸಿಯ ಅಡಿಕೆ ವಖಾರಿಯ ಎಲೆಕ್ಟ್ರಾನಿಕ್ ತಕ್ಕಡಿಗೂ ವರ್ಷಕ್ಕೊಮ್ಮೆ ಮುದ್ರೆ ಬೀಳಬೇಕು. ರಾಶಿ ತೂಗಲು ಒಂದು, ಚಾಲಿ ತೂಗಲು ಇನ್ನೊಂದು ತಕ್ಕಡಿ ಇಟ್ಟವನನ್ನು ಯಾವ ಬೆಳೆಗಾರನೂ ಬಿಡುವುದಿಲ್ಲ. ವಿದೇಶಾಂಗ ನೀತಿಯ ತಕ್ಕಡಿಗೆ ಮುದ್ರೆ ಹಾಕಬೇಕಾದ ಜಾಗ ನೀವು ಕೂರುವ ಸದನ.

ಮೊದಲು ದೊಡ್ಡವರ ಮನೆಯದು. 2023ರ ಮಾರ್ಚ್ 17ರಂದು ಹೇಗ್‌ನ ಅಂತರರಾಷ್ಟ್ರೀಯ ಕ್ರಿಮಿನಲ್ ನ್ಯಾಯಾಲಯ ರಷ್ಯಾದ ಅಧ್ಯಕ್ಷ ಪುಟಿನ್ ಮೇಲೆ ಬಂಧನದ ವಾರಂಟ್ ಹೊರಡಿಸಿದಾಗ ಅಮೆರಿಕದ ಅಧ್ಯಕ್ಷ ಬೈಡನ್ ಅದು ನ್ಯಾಯವಾದದ್ದೇ ಎಂದರು. 2024ರ ನವೆಂಬರ್ 21ರಂದು ಅದೇ ನ್ಯಾಯಾಲಯ ಇಸ್ರೇಲಿನ ಪ್ರಧಾನಿ ನೆತನ್ಯಾಹು ಮೇಲೆ ವಾರಂಟ್ ಹೊರಡಿಸಿದಾಗ ಅದೇ ಬೈಡನ್ ಇದು ಅತಿರೇಕ ಎಂದರು. ಕೆಲವೇ ತಿಂಗಳಲ್ಲಿ, ಹೊಸ ಅಧ್ಯಕ್ಷರ ಕೈಕೆಳಗೆ, ನ್ಯಾಯಾಲಯದ ಪ್ರಾಸಿಕ್ಯೂಟರ್ ಮೇಲೆಯೇ ನಿರ್ಬಂಧ ಬಿತ್ತು. ಫ್ರಾನ್ಸ್ ಮಾಡಿದ್ದು ಇನ್ನೂ ಸೂಕ್ಷ್ಮ. ಇಸ್ರೇಲ್ ಆ ನ್ಯಾಯಾಲಯದ ಸದಸ್ಯ ದೇಶವಲ್ಲ, ಆದ್ದರಿಂದ ಅದರ ಪ್ರಧಾನಿಗೆ ಇರುವ ವಿನಾಯಿತಿಯನ್ನು ಗಣನೆಗೆ ತೆಗೆದುಕೊಳ್ಳಬೇಕು ಎಂದು ಅದರ ವಿದೇಶಾಂಗ ಇಲಾಖೆ ಹೇಳಿತು. ರಷ್ಯಾ ಕೂಡ ಸದಸ್ಯ ದೇಶವಲ್ಲ. ಈ ವಾದ 2023ರಲ್ಲಿ ಪ್ಯಾರಿಸ್ಸಿಗೆ ಹೊಳೆದಿರಲಿಲ್ಲ.

ಇದೇನೂ ಈ ಕಾಲದ ಕಾಯಿಲೆಯಲ್ಲ. ಕಾಂಬೋಡಿಯಾದಲ್ಲಿ 15ರಿಂದ 20 ಲಕ್ಷ ಜನರ ಸಾವಿಗೆ ಕಾರಣವಾದ ಪೋಲ್ ಪಾಟ್ ಸರಕಾರವನ್ನು ವಿಯೆಟ್ನಾಂ ಸೇನೆ 1979ರ ಜನವರಿಯಲ್ಲಿ ಓಡಿಸಿದ ಮೇಲೂ, ವಿಶ್ವಸಂಸ್ಥೆಯಲ್ಲಿ ಕಾಂಬೋಡಿಯಾದ ಕುರ್ಚಿ ಪೋಲ್ ಪಾಟ್‌ನ ಖ್ಮೇರ್ ರೂಜ್ ಪಕ್ಷದ ಕೈಯಲ್ಲೇ ಉಳಿಯಿತು. ಅಮೆರಿಕ, ಬ್ರಿಟನ್, ಚೀನಾ ಮೂವರೂ ಅದನ್ನು ಉಳಿಸಿದರು. ಓಡಿಸಿದ ವಿಯೆಟ್ನಾಂ ಸೋವಿಯತ್ ಒಕ್ಕೂಟದ ಗೆಳೆಯನಾಗಿದ್ದೇ ಕಾರಣ.

ಮಾಡುವ ಬಗೆ ಹೇಗೆ ಎಂಬುದು ಇಲ್ಲಿ ಮುಖ್ಯ, ಏಕೆಂದರೆ ಯಾವ ಸರಕಾರವೂ ನಮಗೆ ಎರಡು ಅಳತೆ ಇದೆ ಎಂದು ಬರೆದುಕೊಟ್ಟು ಮಾಡುವುದಿಲ್ಲ. ಕೆಲಸ ನಡೆಯುವುದು ಪದಗಳಲ್ಲಿ. ವಿದೇಶಾಂಗ ಇಲಾಖೆಗಳ ಹೇಳಿಕೆಗಳಲ್ಲಿ ಮೆಟ್ಟಿಲುಗಳಿವೆ: ‘ಗಮನಿಸಿದ್ದೇವೆ’, ‘ಕಳವಳ’, ‘ತೀವ್ರ ಕಳವಳ’, ‘ವಿಷಾದ’, ಕೊನೆಗೆ ‘ಖಂಡನೆ’. ಶತ್ರು ಮಾಡಿದರೆ ನೇರ ಕೊನೆಯ ಮೆಟ್ಟಿಲು. ಮಿತ್ರ ಮಾಡಿದರೆ ಎರಡನೆಯದಕ್ಕೇ ಏದುಸಿರು. ಶಾಲೆಯಲ್ಲಿ ಕಲಿತ ಕರ್ತರಿ, ಕರ್ಮಣಿ ಪ್ರಯೋಗ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಶತ್ರುವಿನ ಸೇನೆ ‘ಆಸ್ಪತ್ರೆಯ ಮೇಲೆ ಬಾಂಬು ಹಾಕಿತು’. ಮಿತ್ರನ ವಿಷಯ ಬಂದಾಗ ‘ಆಸ್ಪತ್ರೆ ಹಾನಿಗೊಳಗಾಗಿದೆ’, ‘ಜೀವಹಾನಿ ಸಂಭವಿಸಿದೆ’. ಕರ್ತೃಪದ ಎಲ್ಲಿ ಹೋಯಿತು ಎಂದು ಹುಡುಕಿದರೆ ಅರ್ಧ ನೀತಿ ಅಲ್ಲೇ ಸಿಕ್ಕುತ್ತದೆ. ಯಾವ ಹೇಳಿಕೆಯನ್ನಾದರೂ ತೆಗೆದುಕೊಂಡು ದೇಶದ ಹೆಸರನ್ನಷ್ಟೇ ಬದಲಿಸಿ ಗಟ್ಟಿಯಾಗಿ ಓದಿ ನೋಡಿ. ಓದಲು ಮುಜುಗರವಾದರೆ ಅಳತೆ ಎರಡಿದೆ.

ಎರಡನೆಯ ಉಪಾಯ ತೀರ್ಮಾನವನ್ನೇ ಕೊಡದಿರುವುದು. ಚುನಾಯಿತ ಸರಕಾರವನ್ನು ಸೇನೆ ಉರುಳಿಸಿದರೆ ಆ ದೇಶಕ್ಕೆ ನೆರವು ನಿಲ್ಲಿಸಬೇಕೆಂದು ಅಮೆರಿಕದ ಕಾನೂನು ಹೇಳುತ್ತದೆ. 2013ರ ಜುಲೈ 3ರಂದು ಈಜಿಪ್ಟಿನಲ್ಲಿ ಸೇನೆ ಚುನಾಯಿತ ಅಧ್ಯಕ್ಷ ಮೊರ್ಸಿಯ ಸರಕಾರವನ್ನು ಕೆಳಗಿಳಿಸಿತು. ವರ್ಷಕ್ಕೆ 130 ಕೋಟಿ ಡಾಲರಿನ ಮಿಲಿಟರಿ ನೆರವು ‘ಸೇನಾಕ್ರಾಂತಿ’ ಎಂಬ ಒಂದು ಪದಕ್ಕೆ ನೇತಾಡುತ್ತಿತ್ತು. ವಾಷಿಂಗ್ಟನ್ ಏನು ಮಾಡಿತು? ಇದು ಸೇನಾಕ್ರಾಂತಿ ಹೌದೋ ಅಲ್ಲವೋ ಎಂದು ತೀರ್ಮಾನಿಸುವ ಬಾಧ್ಯತೆಯೇ ನಮಗಿಲ್ಲ ಎಂದಿತು. ಕಾನೂನು ಮುರಿಯಲಿಲ್ಲ, ಕಪಾಟಿನಲ್ಲಿಟ್ಟು ಬೀಗ ಹಾಕಿದರು.

ನಿಮ್ಮ ಪಕ್ಷದವರಿಗೂ ವಿರೋಧ ಪಕ್ಷದವರಿಗೂ ಚೆನ್ನಾಗಿ ಗೊತ್ತಿರುವ ಉದಾಹರಣೆ ಇನ್ನೊಂದಿದೆ. 2005ರಲ್ಲಿ ಗುಜರಾತಿನ ಮುಖ್ಯಮಂತ್ರಿಯಾಗಿದ್ದ ನರೇಂದ್ರ ಮೋದಿಯವರಿಗೆ ಅಮೆರಿಕ 1998ರ ಧಾರ್ಮಿಕ ಸ್ವಾತಂತ್ರ್ಯ ಕಾನೂನನ್ನು ತೋರಿಸಿ ವೀಸಾ ನಿರಾಕರಿಸಿತು. 2014ರಲ್ಲಿ ಅವರು ಪ್ರಧಾನಿಯಾದ ಕೆಲವೇ ತಿಂಗಳಲ್ಲಿ ಶ್ವೇತಭವನದಲ್ಲಿ ಊಟಕ್ಕೆ ಕರೆಯಿತು. ಮೊದಲ ನಿರ್ಧಾರ ಸರಿಯಿದ್ದರೆ 2014ರಲ್ಲಿ ಬದಲಾದದ್ದೇನು? ತಪ್ಪಿದ್ದರೆ ಒಂಬತ್ತು ವರ್ಷ ಅದಕ್ಕೇ ಅಂಟಿಕೊಂಡದ್ದೇಕೆ? ಎರಡಕ್ಕೂ ಅಮೆರಿಕದ ಬಳಿ ಉತ್ತರವಿಲ್ಲ.

ಇಷ್ಟು ಹೇಳಿ ನಿಲ್ಲಿಸಿದರೆ ಸಭೆಯಲ್ಲಿ ಚಪ್ಪಾಳೆ ಸಿಕ್ಕೀತು. ಪಶ್ಚಿಮದವರ ಇಬ್ಬಂದಿತನ ಎಣಿಸುವುದು ನಮ್ಮಲ್ಲಿ ಪುಕ್ಕಟೆ ಮನರಂಜನೆ. ಆದರೆ ತನ್ನ ಎಲೆಯಲ್ಲಿ ಕತ್ತೆ ಬಿದ್ದಿದ್ದರೂ ಪಕ್ಕದ ಎಲೆಯ ನೊಣ ಹುಡುಕಿದ ಗಾದೆ ಕನ್ನಡದ್ದೇ.

2022ರ ಅಕ್ಟೋಬರ್ 6ರಂದು ಜಿನೀವಾದ ಮಾನವ ಹಕ್ಕುಗಳ ಮಂಡಳಿಯಲ್ಲಿ ನಡೆದದ್ದನ್ನು ಹತ್ತಿರದಿಂದ ನೋಡಿ. ಚೀನಾದ ಶಿನ್‌ಜಿಯಾಂಗ್‌ನಲ್ಲಿ ಉಯಿಗುರ್ ಮುಸ್ಲಿಮರ ಸ್ಥಿತಿಯ ಬಗ್ಗೆ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಹೈಕಮಿಷನರ್ ಕಚೇರಿ ಆಗಸ್ಟ್ 31ರಂದು ವರದಿ ಕೊಟ್ಟಿತ್ತು. ಮಂಡಳಿಯ ಮುಂದಿದ್ದದ್ದು ಚೀನಾವನ್ನು ಖಂಡಿಸುವ ನಿರ್ಣಯವಲ್ಲ, ಆ ವರದಿಯ ಮೇಲೆ ಒಂದು ಚರ್ಚೆ ಇಡೋಣವೇ ಎಂಬ ಪ್ರಶ್ನೆ. 17 ಪರ, 19 ವಿರುದ್ಧ, 11 ತಟಸ್ಥ. ಚರ್ಚೆಯೇ ಬಿದ್ದುಹೋಯಿತು. ಮಂಡಳಿಯಲ್ಲಿ ತಟಸ್ಥ ಮತಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಹೌದು ಮತ್ತು ಇಲ್ಲಗಳನ್ನಷ್ಟೇ ಎಣಿಸುತ್ತಾರೆ. ಆ 11ರಲ್ಲಿ ಮೂವರು ಕೈ ಎತ್ತಿದ್ದರೆ 20ಕ್ಕೆ 19, ಚರ್ಚೆ ನಡೆಯುತ್ತಿತ್ತು. ಭಾರತ ಆ 11ರಲ್ಲಿತ್ತು. ಗಾಜಾ, ಕಾಶ್ಮೀರ ಎಂದು ಎಲ್ಲೆಡೆ ಮಾತಾಡುವ ಪಾಕಿಸ್ತಾನ ಉಯಿಗುರರ ಚರ್ಚೆಯ ವಿರುದ್ಧ ಮತ ಹಾಕಿತು. ಆರು ತಿಂಗಳ ಹಿಂದಷ್ಟೇ ತನ್ನ ಮೇಲಿನ ದಾಳಿಗೆ ಜಗತ್ತೆಲ್ಲ ದನಿಯೆತ್ತಬೇಕೆಂದು ಬೇಡಿದ್ದ ಉಕ್ರೇನ್ ಕೂಡ ಅಂದು ತಟಸ್ಥ! ಈ ಸಂತೆಯಲ್ಲಿ ಕೈ ಶುದ್ಧವಾಗಿರುವ ವ್ಯಾಪಾರಿಯನ್ನು ಹುಡುಕುವುದು ಕಷ್ಟ.

ಭಾರತ ಇಂಥ ಸಂದರ್ಭದಲ್ಲಿ ಕೊಡುವ ಕಾರಣ ಒಂದೇ: ಒಂದು ದೇಶವನ್ನು ಗುರಿಮಾಡುವ ನಿರ್ಣಯಗಳಿಂದ ಉಪಯೋಗವಿಲ್ಲ, ಮಾತುಕತೆಯೇ ದಾರಿ. ಕೇಳಲು ತತ್ತ್ವದಂತಿದೆ. ಶ್ರೀಲಂಕಾದ ಕಡತ ತೆರೆದರೆ ತತ್ತ್ವ ಕರಗುತ್ತದೆ. 2009ರ ಮೇ ತಿಂಗಳಲ್ಲಿ, ತಮಿಳು ಹುಲಿಗಳ ಜೊತೆಗಿನ ಯುದ್ಧ ಮುಗಿದ ಬೆನ್ನಿಗೆ, ಕೊಲಂಬೊಗೆ ಅನುಕೂಲವಾದ ನಿರ್ಣಯಕ್ಕೆ ಭಾರತದ ಮತ. 2012 ಮತ್ತು 2013ರಲ್ಲಿ ಲಂಕಾವನ್ನು ಪ್ರಶ್ನಿಸುವ ನಿರ್ಣಯಗಳಿಗೂ ಭಾರತದ ಮತ. 2014, 2021, 2022ರಲ್ಲಿ ತಟಸ್ಥ. 2013ರ ಮಾರ್ಚ್ 19ರಂದು ಲಂಕಾ ತಮಿಳರ ವಿಷಯಕ್ಕೇ ತಮಿಳುನಾಡಿನ ಡಿಎಂಕೆ ಕೇಂದ್ರ ಸರಕಾರಕ್ಕೆ ಕೊಟ್ಟ ಬೆಂಬಲ ವಾಪಸ್ ಪಡೆಯಿತು, 21ರಂದು ಜಿನೀವಾದಲ್ಲಿ ಮತದಾನವಾಯಿತು. ದೇಶನಿರ್ದಿಷ್ಟ ನಿರ್ಣಯ ತಪ್ಪು ಎಂಬುದು ತತ್ತ್ವವಾಗಿದ್ದರೆ ಆ ಎರಡು ವರ್ಷ ಅದು ಎಲ್ಲಿತ್ತು? ತಪ್ಪಲ್ಲ ಎನ್ನುವುದಾದರೆ ಮುಂದಿನ ಮೂರು ಸಲ ಏನಾಯಿತು?

ಗಾಜಾದ್ದೂ ಹಾಗೆಯೇ. 2023ರ ಅಕ್ಟೋಬರ್ 27ರ ಮಹಾಸಭೆಯ ನಿರ್ಣಯಕ್ಕೆ ತಟಸ್ಥ. ಡಿಸೆಂಬರ್ 12ರಂದು ಕದನವಿರಾಮ ಕೇಳಿದ ನಿರ್ಣಯಕ್ಕೆ ಪರ ನಿಂತ 153 ದೇಶಗಳಲ್ಲಿ ಭಾರತವೂ ಒಂದು. 2025ರ ಜೂನ್ 12ರಂದು, ಅಷ್ಟರಲ್ಲಿ ಸಾವಿನ ಲೆಕ್ಕ ಹಲವು ಪಟ್ಟು ಏರಿದ್ದಾಗ, ಕದನವಿರಾಮವನ್ನೇ ಕೇಳಿದ ನಿರ್ಣಯಕ್ಕೆ 149 ದೇಶಗಳು ಪರ ನಿಂತರೆ ಭಾರತ ಮತ್ತೆ 19 ತಟಸ್ಥರ ಸಾಲಿಗೆ. ಉಕ್ರೇನ್ ವಿಷಯದಲ್ಲಿ 2022ರ ಏಪ್ರಿಲ್ 5ರಂದು ಭದ್ರತಾ ಮಂಡಳಿಯಲ್ಲಿ ಬುಚಾ ಪಟ್ಟಣದಲ್ಲಿ ನಡೆದ ನಾಗರಿಕರ ಕೊಲೆಗಳನ್ನು ಖಂಡಿಸಿ ಸ್ವತಂತ್ರ ತನಿಖೆ ಕೇಳಿದ್ದು ಒಳ್ಳೆಯದೇ. ಎರಡು ದಿನ ಬಿಟ್ಟು ರಷ್ಯಾವನ್ನು ಮಾನವ ಹಕ್ಕುಗಳ ಮಂಡಳಿಯಿಂದ ಅಮಾನತು ಮಾಡುವ ಮತದಲ್ಲಿ ತಟಸ್ಥ. ಪ್ರತಿ ಮತಕ್ಕೂ ಪ್ರತ್ಯೇಕವಾಗಿ ಒಂದು ಸಮರ್ಥನೆ ಇರಬಹುದು. ಎಲ್ಲವನ್ನೂ ಒಂದೇ ಹಾಳೆಯಲ್ಲಿ ಬರೆದಾಗ ಕಾಣುವ ಸಾಲು ಮಾತ್ರ ತೈಲ, ಶಸ್ತ್ರ, ಗಡಿ, ಮೈತ್ರಿಕೂಟ ಇವುಗಳದ್ದು.

ಹಳೆಯದೊಂದನ್ನು ನೆನಪಿಸಬೇಕು, ಏಕೆಂದರೆ ಈ ಆಟದ ನಿಯಮ ಬದಲಿಸಿದವರೇ ನಾವು. 1946ರಲ್ಲಿ, ಇನ್ನೂ ಸ್ವಾತಂತ್ರ್ಯ ಬಂದಿರದಾಗಲೇ, ದಕ್ಷಿಣ ಆಫ್ರಿಕಾದಲ್ಲಿ ಭಾರತೀಯರನ್ನು ನಡೆಸಿಕೊಳ್ಳುವ ರೀತಿಯನ್ನು ಭಾರತ ವಿಶ್ವಸಂಸ್ಥೆಗೆ ಒಯ್ದಿತು. ನಿಯೋಗದ ನಾಯಕಿ ವಿಜಯಲಕ್ಷ್ಮಿ ಪಂಡಿತ್. ಎದುರಿಗೆ ದಕ್ಷಿಣ ಆಫ್ರಿಕಾದ ಪ್ರಧಾನಿ ಜನರಲ್ ಸ್ಮಟ್ಸ್. ಅವರ ವಾದ, ವಿಶ್ವಸಂಸ್ಥೆಯ ಸನ್ನದಿನ 2ನೇ ವಿಧಿಯ 7ನೇ ಉಪವಿಧಿ ಪ್ರಕಾರ ಇದು ನಮ್ಮ ದೇಶದ ಒಳವಿಷಯ, ನೀವು ತಲೆಹಾಕುವಂತಿಲ್ಲ. ಡಿಸೆಂಬರ್ 8ರಂದು 32 ಪರ, 15 ವಿರುದ್ಧ, 7 ತಟಸ್ಥ ಮತಗಳಿಂದ ಭಾರತ ಗೆದ್ದಿತು. ಬ್ರಿಟನ್, ಅಮೆರಿಕ ಸ್ಮಟ್ಸ್ ಕಡೆಗಿದ್ದವು. ‘ಒಳವಿಷಯ’ ಎಂಬ ಗೋಡೆಯನ್ನು ಮೊದಲು ಕೆಡವಿದ್ದು ನಾವೇ.

55 ವರ್ಷಗಳ ನಂತರ, 2001ರಲ್ಲಿ, ಅದೇ ದಕ್ಷಿಣ ಆಫ್ರಿಕಾದ ಡರ್ಬನ್‌ನಲ್ಲಿ ಜನಾಂಗಭೇದ ವಿರೋಧಿ ವಿಶ್ವ ಸಮ್ಮೇಳನ ನಡೆಯಿತು. ದಲಿತ ಸಂಘಟನೆಗಳು ಜಾತಿಯನ್ನು ಕಾರ್ಯಸೂಚಿಗೆ ಸೇರಿಸಿ ಎಂದವು. ಭಾರತ ಸರಕಾರ ವಿರೋಧಿಸಿತು: ಜಾತಿ ಜನಾಂಗವಲ್ಲ, ಅದು ನಮ್ಮ ಒಳಗಿನ ವಿಷಯ, ನಮ್ಮ ಸಂವಿಧಾನ ನೋಡಿಕೊಳ್ಳುತ್ತದೆ. 1965ರ ಜನಾಂಗಭೇದ ವಿರೋಧಿ ಒಡಂಬಡಿಕೆಯ ಮೊದಲ ವಿಧಿಯಲ್ಲಿ ಬಣ್ಣ, ಜನಾಂಗಗಳ ಜೊತೆ ‘ವಂಶಮೂಲ’ ಎಂಬ ಪದವೂ ಇದೆ. ಆ ಪದವನ್ನು ಕರಡಿಗೆ ಸೇರಿಸಿದ್ದು ಭಾರತದ ತಿದ್ದುಪಡಿ. ಆಫ್ರಿಕಾ ಮೂಲದ ಸಿದ್ದಿಗಳು ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನಲ್ಲಿ ತಲೆಮಾರುಗಳಿಂದ ಬದುಕುತ್ತಿದ್ದಾರೆ. ಅವರು ಪರಿಶಿಷ್ಟ ಪಂಗಡದ ಪಟ್ಟಿಗೆ ಬಂದದ್ದು 2003ರಲ್ಲಿ. ಅಷ್ಟರಲ್ಲಿ ದಕ್ಷಿಣ ಆಫ್ರಿಕಾದ ವರ್ಣಭೇದ ಸತ್ತು ಒಂಬತ್ತು ವರ್ಷವಾಗಿತ್ತು.

ಹೊರಗೆ ಚಿತ್ರಹಿಂಸೆ ಖಂಡಿಸುವ ಮಾತೂ ಹೀಗೆ. ಚಿತ್ರಹಿಂಸೆ ವಿರೋಧಿ ಒಡಂಬಡಿಕೆಗೆ ಭಾರತ 1997ರ ಅಕ್ಟೋಬರ್ 14ರಂದು ಸಹಿ ಹಾಕಿದೆ, ಅನುಮೋದಿಸಿಲ್ಲ. ಸಹಿ ಎಂದರೆ ಒಪ್ಪಿಗೆಯ ಸೂಚನೆ. ಕಾನೂನಿನ ಕಟ್ಟು ಬೀಳುವುದು ಅನುಮೋದನೆಯಿಂದ, ಅದಕ್ಕೆ ಮೊದಲು ದೇಶದಲ್ಲೊಂದು ಕಾಯಿದೆ ಬೇಕು. ನಿಮ್ಮ ಲೋಕಸಭೆಯೇ 2010ರ ಮೇ ತಿಂಗಳಲ್ಲಿ ಮಸೂದೆ ಪಾಸು ಮಾಡಿತ್ತು. ರಾಜ್ಯಸಭೆ ಆಯ್ಕೆ ಸಮಿತಿಗೆ ಕಳಿಸಿತು, ವರದಿಯೂ ಬಂತು, 2014ರಲ್ಲಿ ಲೋಕಸಭೆ ವಿಸರ್ಜನೆಯಾದಾಗ ಮಸೂದೆ ಬಿದ್ದುಹೋಯಿತು. 2017ರ ಅಕ್ಟೋಬರಿನಲ್ಲಿ ಕಾನೂನು ಆಯೋಗ ತನ್ನ 273ನೇ ವರದಿಯಲ್ಲಿ ಅನುಮೋದಿಸಿ ಎಂದು ಶಿಫಾರಸು ಮಾಡಿ, ಹೊಸ ಕರಡನ್ನೂ ಕೊಟ್ಟಿತು. ಕರಡು ಅಲ್ಲೇ ಇದೆ. ಸೀಬರ್ಡ್ ನೌಕಾನೆಲೆಗೆ ನೆಲ ಕಳೆದುಕೊಂಡ ನಿರಾಶ್ರಿತರು ಪರಿಹಾರಕ್ಕಾಗಿ ದಶಕಗಳ ಕಾಲ ಕೋರ್ಟು ಮೆಟ್ಟಿಲು ಹತ್ತಿದ್ದನ್ನು ಕಂಡ ಕಾರವಾರ, ಅಂಕೋಲೆಯವರಿಗೆ ಕಡತ ಮಲಗುವ ಬಗೆ ಹೊಸದಲ್ಲ.

ನೀವು ಹೇಳಬಹುದಾದ ಮಾತಿಗೆ ಬರೋಣ. ಬಹಿರಂಗವಾಗಿ ಬೈದರೆ ಕೆಲಸ ಕೆಡುತ್ತದೆ, ಸದ್ದಿಲ್ಲದ ರಾಜತಾಂತ್ರಿಕತೆಯೇ ಫಲ ಕೊಡುತ್ತದೆ. ಇದರಲ್ಲಿ ಹುರುಳಿದೆ. ಕತಾರ್‌ನಲ್ಲಿ ಎಂಟು ಮಂದಿ ಮಾಜಿ ನೌಕಾಪಡೆಯವರಿಗೆ 2023ರ ಅಕ್ಟೋಬರಿನಲ್ಲಿ ಮರಣದಂಡನೆಯಾಯಿತು. ಡಿಸೆಂಬರಿನಲ್ಲಿ ಶಿಕ್ಷೆ ಇಳಿಯಿತು, 2024ರ ಫೆಬ್ರವರಿಯಲ್ಲಿ ಬಿಡುಗಡೆಯಾಯಿತು. ದೆಹಲಿ ಬೀದಿಯಲ್ಲಿ ಕೂಗಾಡಿದ್ದರೆ ಅಷ್ಟು ಬೇಗ ಆಗುತ್ತಿತ್ತೇ ಎಂಬುದು ಸಂದೇಹವೇ. ಆದರೆ ಸದ್ದಿಲ್ಲದ ಮಾತುಕತೆಗೂ ಏನೂ ಮಾಡದೆ ಸುಮ್ಮನಿರುವುದಕ್ಕೂ ಹೊರಗಿನಿಂದ ನೋಡಲು ವ್ಯತ್ಯಾಸ ಕಾಣುವುದಿಲ್ಲ, ತೊಡಕು ಅಲ್ಲೇ. ಭಟ್ಕಳ, ಹೊನ್ನಾವರ, ಕುಮಟೆಯಿಂದ ಗಲ್ಫಿಗೆ ಹೋಗುವವರ ವಿಷಯ ನೋಡಿ. ಮಾಲೀಕನ ಒಪ್ಪಿಗೆಯಿಲ್ಲದೆ ಕೆಲಸ ಬಿಡಲಾಗದ, ದೇಶ ಬಿಡಲಾಗದ ಕಫಾಲಾ ಪದ್ಧತಿಯ ಬಗ್ಗೆ ನಮ್ಮ ಸರಕಾರಗಳು, ಯಾವ ಪಕ್ಷದವೇ ಇರಲಿ, ಮೆಲುದನಿಯಲ್ಲೇ ಇದ್ದವು. ಕೋವಿಡ್ ಹೊತ್ತಿನಲ್ಲಿ, 2020ರ ಸೆಪ್ಟೆಂಬರಿನಲ್ಲಿ, ಗಲ್ಫ್ ದೇಶಗಳಿಗೆ ನಾವು ಹೇಳುವ ಕನಿಷ್ಠ ಶಿಫಾರಸು ವೇತನವನ್ನು ದೆಹಲಿಯೇ ಶೇಕಡಾ 30ರಿಂದ 50ರಷ್ಟು ಇಳಿಸಿತು. ಗದ್ದಲವೆದ್ದು, ಪ್ರಕರಣ ಹೈಕೋರ್ಟಿಗೆ ಹೋಗಿ, 2021ರಲ್ಲಿ ಹಿಂದಕ್ಕೆ ಪಡೆಯಿತು. ಸದ್ದು ಮಾಡಿದ್ದರಿಂದಲೇ ಸರಿಹೋದದ್ದೂ ಉಂಟು.

ಇನ್ನೊಂದು ಮಾತನ್ನೂ ಒಪ್ಪಲಾಗದು. ‘ಅಮೆರಿಕ ಮಾಡಿಲ್ಲವೇ?’ ಎಂದು ಕೇಳಿದ ಕೂಡಲೇ ನಮ್ಮ ತಪ್ಪು ಮಾಫಿ ಆಗುವುದಿಲ್ಲ. ಇಬ್ಬಂದಿತನದ ಆರೋಪ ಹೊರಿಸಿದವನ ಬಾಯಿ ಮುಚ್ಚಿಸಬಹುದು. ಪೆಟ್ಟು ತಿಂದವನ ಬೆನ್ನು ಹಾಗೆಯೇ ಇರುತ್ತದೆ.

ಈಗ ಕೆಲಸದ ಮಾತು. 2026ರಿಂದ 2028ರ ಅವಧಿಗೆ ಭಾರತ ಮತ್ತೆ 47 ಸದಸ್ಯರ ಮಾನವ ಹಕ್ಕುಗಳ ಮಂಡಳಿಗೆ ಆಯ್ಕೆಯಾಗಿದೆ. ವರ್ಷಕ್ಕೆ ಕನಿಷ್ಠ ಮೂರು ಅಧಿವೇಶನ, ಪ್ರತಿಯೊಂದರ ಕೊನೆಗೆ ಮತದಾನದ ಸುರಿಮಳೆ. ಆದ್ದರಿಂದ ಈಗಲೇ ಕೇಳಬೇಕು, ಕೇಳುವ ಬಗೆಯೂ ಮುಖ್ಯ.

ಲೋಕಸಭೆಯ ನಿಯಮ 41 ಓದಿಕೊಳ್ಳಿ. ಸ್ನೇಹದ ವಿದೇಶದ ಬಗ್ಗೆ ಅಗೌರವದ ಮಾತಿದ್ದರೆ, ಅಭಿಪ್ರಾಯ ಕೇಳಿದ್ದರೆ, ಊಹೆಯ ಮೇಲೆ ನಿಂತಿದ್ದರೆ ಪ್ರಶ್ನೆ ಒಳಗೇ ಬರುವುದಿಲ್ಲ. ‘ಗಾಜಾದಲ್ಲಿ ಇಸ್ರೇಲ್ ಮಾಡುತ್ತಿರುವುದು ಸರಿಯೇ’ ಎಂದು ಬರೆದು ಕಳಿಸುವ ಸದಸ್ಯರ ಪ್ರಶ್ನೆ ಲೋಕಸಭೆಯ ಸಚಿವಾಲಯದಲ್ಲೇ ಸಾಯುವುದು ಇದರಿಂದ. ಬೇರೆ ದೇಶದ ನಡತೆ ಕೇಳಬೇಡಿ. ನಮ್ಮ ಮತ ಕೇಳಿ. ಅದು ಅಂಕಿಅಂಶ, ತಡೆಯುವುದು ಕಷ್ಟ. 15 ಪೂರ್ಣ ದಿನ ಮುಂಚೆ ನೋಟಿಸು, 150 ಪದ ಮೀರದಂತೆ, ಒಂದೇ ವಿಷಯ. ದಿನಕ್ಕೆ 20 ಪ್ರಶ್ನೆಗಳಿಗಷ್ಟೇ ನಕ್ಷತ್ರ, ಅದೂ ಚೀಟಿ ಎತ್ತಿ. ನಕ್ಷತ್ರ ಸಿಕ್ಕರೆ ಮಂತ್ರಿಗಳು ಎದ್ದು ನಿಂತು ಉತ್ತರಿಸಬೇಕು, ಉಪಪ್ರಶ್ನೆ ಕೇಳಬಹುದು. ಸಿಗದಿದ್ದರೆ 230 ನಕ್ಷತ್ರರಹಿತ ಪ್ರಶ್ನೆಗಳ ಸಾಲಿನಲ್ಲಿ ಲಿಖಿತ ಉತ್ತರ. ನಮಗೆ ಅದೂ ಸಾಕು, ಕಾಗದದ ಮೇಲೆ ಬಂದರಾಯಿತು. ‘ಮಾಹಿತಿ ಸಂಗ್ರಹಿಸಲಾಗುತ್ತಿದೆ’ ಎಂದು ಉತ್ತರ ಬಂದರೆ ಬೇಸರ ಬೇಡ. ಅದು ಸರಕಾರಿ ಭರವಸೆ ಎಂದು ದಾಖಲಾಗುತ್ತದೆ, ಮೂರು ತಿಂಗಳಲ್ಲಿ ಪೂರೈಸಬೇಕು, ಇಲ್ಲದಿದ್ದರೆ ಭರವಸೆಗಳ ಸಮಿತಿ ಬೆನ್ನು ಹತ್ತುತ್ತದೆ.

ಕರಡು ಹೀಗಿರಲಿ: ‘2012ರಿಂದ ಈವರೆಗೆ ವಿಶ್ವಸಂಸ್ಥೆಯ ಮಹಾಸಭೆ ಮತ್ತು ಮಾನವ ಹಕ್ಕುಗಳ ಮಂಡಳಿಯಲ್ಲಿ ಒಂದು ನಿರ್ದಿಷ್ಟ ದೇಶಕ್ಕೆ ಸಂಬಂಧಿಸಿದ ಮಾನವ ಹಕ್ಕು ನಿರ್ಣಯಗಳ ಮೇಲೆ ಭಾರತ ಚಲಾಯಿಸಿದ ಮತಗಳ ದೇಶವಾರು, ವರ್ಷವಾರು ವಿವರವೇನು, ಇವುಗಳಲ್ಲಿ ಯಾವುದಕ್ಕೆಲ್ಲ ಮತವಿವರಣೆ ನೀಡಲಾಗಿದೆ, ಪರ, ವಿರುದ್ಧ, ತಟಸ್ಥ ಎಂದು ನಿರ್ಧರಿಸಲು ಲಿಖಿತ ಮಾನದಂಡಗಳಿವೆಯೇ, ಇದ್ದರೆ ಅವು ಯಾವುವು?’ ಕೊನೆಯ ತುಣುಕಿಗೆ ‘ಪ್ರತಿ ನಿರ್ಣಯವನ್ನೂ ಅದರ ಗುಣದೋಷದ ಮೇಲೆ ಪರಿಶೀಲಿಸಲಾಗುತ್ತದೆ’ ಎಂಬ ಉತ್ತರ ಬರುವುದು ಬಹುತೇಕ ಖಚಿತ. ಬರಲಿ. ಅದರ ಪಕ್ಕದಲ್ಲೇ ಪಟ್ಟಿಯೂ ಇರುತ್ತದಲ್ಲ. ಚಿತ್ರಹಿಂಸೆ ಒಡಂಬಡಿಕೆಯ ಅನುಮೋದನೆ ಯಾವ ಹಂತದಲ್ಲಿದೆ ಎಂಬುದನ್ನು ಇದರೊಳಗೆ ತುರುಕಬೇಡಿ, ಎರಡು ವಿಷಯವೆಂದು ತಿರಸ್ಕರಿಸಿಬಿಡುತ್ತಾರೆ. ಅದಕ್ಕೆ ಬೇರೆಯೇ ನೋಟಿಸು ಕೊಡಿ.

ಈ ಪತ್ರ ಓದುವ ಜಿಲ್ಲೆಯ ಸಂಘಟನೆಗಳಿಗೂ ಒಂದು ಮಾತು. ಪ್ರತಿಯೊಂದು ದೇಶವೂ ಸುಮಾರು ನಾಲ್ಕೂವರೆ ವರ್ಷಕ್ಕೊಮ್ಮೆ ಜಿನೀವಾದಲ್ಲಿ ಉಳಿದ ದೇಶಗಳ ಮುಂದೆ ಮೂರೂವರೆ ತಾಸು ಕೂತು ತನ್ನ ಮಾನವ ಹಕ್ಕುಗಳ ಲೆಕ್ಕ ಒಪ್ಪಿಸಬೇಕು. ಅಮೆರಿಕ, ಚೀನಾ, ಮಾಲ್ಡೀವ್ಸ್ ಎಲ್ಲರಿಗೂ ಒಂದೇ ಗಡಿಯಾರ ಇಟ್ಟುಕೊಂಡು 2008ರಲ್ಲಿ ಶುರುವಾದ ವ್ಯವಸ್ಥೆ ಇದು, ಹೆಸರು ಸಾರ್ವತ್ರಿಕ ನಿಯತಕಾಲಿಕ ಪರಿಶೀಲನೆ (ಯುಪಿಆರ್). ಭಾರತದ ಸರದಿ 2008, 2012, 2017, 2022ರಲ್ಲಿ ಬಂದಿತ್ತು. ಇದಕ್ಕೆ ಸಂಘಟನೆಗಳೂ ವರದಿ ಕಳಿಸಬಹುದು: ಒಂದೇ ಸಂಸ್ಥೆಯಾದರೆ 2,815 ಪದ, ಹಲವರು ಸೇರಿದರೆ 5,630. ಕನ್ನಡದಲ್ಲಿ ಬರೆದರೆ ತೆಗೆದುಕೊಳ್ಳುವುದಿಲ್ಲ. ಪದಮಿತಿ ಮೀರಿದರೆ, ಪತ್ರಿಕೆಯ ತುಣುಕುಗಳನ್ನೇ ಅಂಟಿಸಿದರೆ, ಕೊನೆಯ ದಿನಾಂಕ ದಾಟಿದರೆ ವರದಿ ಬುಟ್ಟಿಗೆ. ಆ ದಿನಾಂಕ ಪರಿಶೀಲನೆಗಿಂತ ಹಲವು ತಿಂಗಳು ಮೊದಲೇ ಬಂದು ಹೋಗಿರುತ್ತದೆ. ಮೀನುಗಾರರ ಒಕ್ಕಲೆಬ್ಬಿಸುವಿಕೆ, ಅರಣ್ಯಹಕ್ಕು, ಠಾಣೆಯ ಹೊಡೆತ ಇವನ್ನು ತಾರೀಖು, ಜಾಗ, ಪ್ರಕರಣ ಸಂಖ್ಯೆ ಸಹಿತ ಬರೆದಿಡುವ ಕೆಲಸ ಇವತ್ತೇ ಶುರುವಾದರೆ ಒಳ್ಳೆಯದು.

ಸಂಸದರೇ, 2012ರಿಂದ 2025ರವರೆಗಿನ ಪ್ರಮುಖ ಮತಗಳ ಪಟ್ಟಿಯನ್ನು ನಿರ್ಣಯ ಸಂಖ್ಯೆ ಸಹಿತ ಈ ಪತ್ರದ ಮುದ್ರಿತ ಪ್ರತಿಯ ಜೊತೆ ನಿಮ್ಮ ಕಚೇರಿಗೆ ಕಳಿಸುತ್ತಿದ್ದೇವೆ. ಒಟ್ಟು ನಾಲ್ಕು ಹಾಳೆ. ಮುಂದಿನ ಅಧಿವೇಶನದಲ್ಲಿ ವಿದೇಶಾಂಗ ಸಚಿವಾಲಯದ ಪ್ರಶ್ನೆಗಳಿಗೆ ಯಾವ ದಿನ ಎಂಬುದು ಪ್ರಕಟವಾದೊಡನೆ ಹಿಂದಕ್ಕೆ 15 ದಿನ ಎಣಿಸಿ, ಅದಕ್ಕೂ ಒಂದು ದಿನ ಮೊದಲೇ ನೋಟಿಸು ಕೊಡಿ.

ಇತಿ,
ಕಾರವಾರ, ಅಂಕೋಲಾ, ಶಿರಸಿ, ಮುಂಡಗೋಡದ ನಿಮ್ಮ ಕೆಲವು ಮತದಾರರು